8 ಇಂಚು ಹುಲ್ಲು

ಪ್ರೀತಿಯ ಕುಳ್ಳ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಮೊದಲು ಹಳದಿ ಛತ್ರಿ ವಿಷಯ ಎತ್ತುತ್ತೀಯ, ಆಮೇಲೆ ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಮರ್ಯಾದಸ್ಥ.

ಮೊನ್ನೆ ರಾತ್ರಿ ‘ಗ್ರಾನ್ ಟೊರಿನೊ’ ಮತ್ತೆ ನೋಡಿದೆ. ಹೂಂ, ಅದೇ. 2008ರದ್ದು. ಕ್ಲಿಂಟ್ ಈಸ್ಟ್‌ವುಡ್ ಮುದುಕನಾಗಿ, ಕಂಡವರ ಮೇಲೆಲ್ಲ ಗುರ್ ಅನ್ನುವ ಸಿನಿಮಾ. ಹಾಸ್ಟೆಲಿನಲ್ಲಿ ನಿನ್ನ ಲ್ಯಾಪ್‌ಟಾಪಿನಲ್ಲಿ ನೋಡಿದಾಗ, ಅವನು ಪಕ್ಕದ ಮನೆಯ, ಏಷ್ಯಾ ಮೂಲದ ಮೋಂಗ್ ಜನರನ್ನು ಬೈದಾಗಲೆಲ್ಲ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಆಮೇಲೆ ಒಂದು ತಿಂಗಳು ಮೆಸ್ಸಿನಲ್ಲಿ ನೀನು ಅವನ ಹಾಗೇ ಉಗಿಯುತ್ತಿದ್ದೆ. ಪಕ್ಕದ ಮನೆ ಹುಡುಗ ಥಾವೋನ ಪಾತ್ರ ಮಾಡಿದ ಬೀ ವಾಂಗ್ 2021ರಲ್ಲಿ ಇದರ ಬಗ್ಗೆ ಬರೆದಿದ್ದ. ಹೆಚ್ಚಾಗಿ ಬಿಳಿಯರೇ ಕೂತಿದ್ದ ಥಿಯೇಟರುಗಳಲ್ಲಿ ಆ ಬೈಗುಳಕ್ಕೆ ಏಳುತ್ತಿದ್ದ ನಗು ಕೇಳಿ ಅವನಿಗೆ ಕಸಿವಿಸಿ ಆಗುತ್ತಿತ್ತಂತೆ. ನಾವು ಬಿಳಿಯರಲ್ಲ, ಥಿಯೇಟರಿನಲ್ಲೂ ಇರಲಿಲ್ಲ. ಆದರೂ ನಕ್ಕಿದ್ದೆವಲ್ಲೋ.

ಪಾಪ, ಆ ಮೋಂಗರು ಲಾವೋಸಿನಲ್ಲಿ ಅಮೆರಿಕದ ಪರ ಹೋರಾಡಿ, 1975ರ ನಂತರ ಅಲ್ಲಿರಲಾಗದೆ ಓಡಿಬಂದವರು. ಸಿನಿಮಾದ ಮುದುಕ ವಾಲ್ಟನಿಗೆ ಮೊದಲು ಇದು ಗೊತ್ತೇ ಇರಲಿಲ್ಲ. ಅವನ ಕಣ್ಣಿಗೆ ಕಂಡಿದ್ದು ಅವರ ಮನೆ ಮುಂದಿನ ಹುಲ್ಲು.

ಹುಲ್ಲಿನ ವಿಷಯಕ್ಕೇ ಬರುತ್ತಿದ್ದೇನೆ, ತಡಿ.

ನಾನೀಗ ಇರುವುದು ಆ ಸಿನಿಮಾದ ಸೀಮೆಯಲ್ಲೇ, ಡೆಟ್ರಾಯಿಟ್ ಹೊರವಲಯ. ಬಂದ ಹೊಸದರಲ್ಲಿ ನಾನೇ ಥಾವೋ ಅಂದುಕೊಂಡಿದ್ದೆ. ತೆಳ್ಳಗೆ, ಹೆದರಿಕೊಂಡು, ಎಲ್ಲರಿಗೂ ಸಾರಿ ಹೇಳಿಕೊಂಡು. ಕಳೆದ ವರ್ಷ ಪಕ್ಕದ ಮನೆಗೆ ಬಾಂಗ್ಲಾದೇಶದವರು ಬಂದರು. ಏಳು ಜನ, ಮೂರು ಕಾರು. ಪರದೆ ಸರಿಸಿ ನಾನೇ ಎಣಿಸಿದ್ದು. ಇವಳಿಗೆ ಹೇಳಿದೆ, "ಮುಗೀತು, ಇನ್ನು ನಮ್ಮ ಬೀದಿ ಹಾಳು." ಅದನ್ನು ಹೇಳಿದ್ದು ಯಾರು ಅಂತ ಒಂದು ಕ್ಷಣ ನಾನೇ ಹಿಂದೆ ತಿರುಗಿ ನೋಡಬೇಕಿತ್ತು. ನೋಡಲಿಲ್ಲ.

ಇಲ್ಲಿ ನಮ್ಮ ನಗರಸಭೆಯ ನಿಯಮದ ಪ್ರಕಾರ ಮನೆ ಮುಂದಿನ ಹುಲ್ಲು 8 ಇಂಚು ದಾಟಬಾರದು. ಅವರದ್ದು ದಾಟಿತ್ತು. ಒಂದು ರಾತ್ರಿ ಊಟವಾದ ಮೇಲೆ ಮಗಳ ಸ್ಕೇಲ್ ತಗೊಂಡು ಹೋದೆ, ಬಗ್ಗಿದೆ, ಮೊಬೈಲ್ ಟಾರ್ಚಿನಲ್ಲಿ ಅಳೆದೆ. ಹತ್ತು ಇಂಚು. ನಗಬೇಡ. ಹೆಸರು ಹೇಳದೆ ದೂರು ಕೊಡಬಹುದು ಇಲ್ಲಿ. ಕೊಟ್ಟೆ. ಆ ರಾತ್ರಿ ನಿದ್ದೆ ಚೆನ್ನಾಗೇ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಹತ್ತು ದಿನಕ್ಕೆ ಬೆಲ್ ಆಯ್ತು. ಆ ಮನೆಯ ಅಜ್ಜ, ಪಕ್ಕದಲ್ಲಿ ಮೊಮ್ಮಗ. ಅಜ್ಜನ ಕೈಯಲ್ಲಿ ನಾಲ್ಕು ಮಡಿಕೆ ಮಡಚಿದ ನೋಟಿಸು. ಬೆವರಿಗೆ ಮಡಿಕೆ ಹತ್ತಿರ ಅಕ್ಷರ ಅಳಿಸಿತ್ತು. ಹುಡುಗ ಹೇಳಿದ, "ಅಂಕಲ್, ಇದೇನು ಅಂತ ಓದಿ ಹೇಳ್ತೀರಾ? ನಿಮ್ಮನ್ನೇ ಕೇಳೋಣ ಅಂದ್ರು ತಾತ. ನೀವು ನಮ್ಮೋರ ಥರಾನೇ ಅಲ್ವಾ."

ಓದಿದೆ. ನನ್ನದೇ ದೂರಿನ ಫಲವನ್ನು ಕನ್ನಡಕ ಹಾಕಿಕೊಂಡು, ಗಂಭೀರವಾಗಿ, ಮೊದಲ ಸಲ ನೋಡುವವನ ಹಾಗೆ ಓದಿದೆ. "ಈ ಜನಕ್ಕೆ ಬೇರೆ ಕೆಲಸ ಇಲ್ಲ" ಅಂದೆ. ನಿಜವಾಗಿಯೂ ಅಂದೆ ಕಣೋ. ಆಮೇಲೆ ಗ್ಯಾರೇಜಿನಿಂದ ನಮ್ಮ ಹುಲ್ಲಿನ ಮೆಷಿನ್ ಎಳೆದು ಕೊಟ್ಟೆ. ಅಜ್ಜ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ.

ಸಿನಿಮಾದಲ್ಲಿ ವಾಲ್ಟ್ ಎರಡು ಸಲ ತಪ್ಪೊಪ್ಪಿಕೊಳ್ಳುತ್ತಾನೆ, ನೆನಪಿದೆಯಾ? ಪಾದ್ರಿಯ ಹತ್ತಿರ ಹೇಳುವುದೆಲ್ಲ ಚಿಲ್ಲರೆ. ಹಳೇ ಕ್ರಿಸ್‌ಮಸ್ ಪಾರ್ಟಿಯ ಒಂದು ಮುತ್ತು, ದೋಣಿ ಮಾರಿ ಕಟ್ಟದೆ ಉಳಿಸಿಕೊಂಡ ತೆರಿಗೆ, ಮಕ್ಕಳ ಜೊತೆ ಹತ್ತಿರ ಆಗದೇ ಹೋದದ್ದು. ಅಸಲಿಯನ್ನು ಹೇಳುವುದು ಥಾವೋನಿಗೆ, ಅದೂ ಅವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ, ಜಾಲರಿ ಬಾಗಿಲಿನ ಈಚೆ ನಿಂತು. ಕೊರಿಯಾ ಯುದ್ಧದಲ್ಲಿ ಶರಣಾಗಲು ಬಂದ ಹುಡುಗನನ್ನು ಕೊಂದದ್ದು. ಹೇಳಿದ, ಹೊರಟ, ಆಯುಧವಿಲ್ಲದೆ ಹೋಗಿ ಗುಂಡು ತಿಂದ, 1972ರ ತನ್ನ ಗ್ರಾನ್ ಟೊರಿನೊ ಕಾರನ್ನು ಥಾವೋನ ಹೆಸರಿಗೆ ಬರೆದಿಟ್ಟಿದ್ದ. ಲೆಕ್ಕ ಚುಕ್ತಾ. ಹಾಸ್ಟೆಲಿನಲ್ಲಿ ನೀನು ಅಲ್ಲಿ ಅತ್ತಿದ್ದೆ. ನೆಗಡಿ ಅಂದಿದ್ದೆ.

ನನಗೆ ಯಾರೂ ಗುಂಡು ಹೊಡೆಯುತ್ತಿಲ್ಲ. ಅದೇ ಕಷ್ಟ. ಅಜ್ಜ ಪ್ರತಿ ಭಾನುವಾರ ತಮ್ಮ ಹುಲ್ಲು ಕತ್ತರಿಸಿ, ಕೇಳದೆಯೇ ನನ್ನದನ್ನೂ ಕತ್ತರಿಸಿ, ಮೆಷಿನ್ನನ್ನು ಬಟ್ಟೆಯಲ್ಲಿ ಒರೆಸಿ ಗ್ಯಾರೇಜಿನ ಮುಂದೆ ನಿಲ್ಲಿಸಿ ಹೋಗುತ್ತಾರೆ. ನಿಮ್ಮ ಯಜಮಾನರಿಗೆ ಒಳ್ಳೇ ಮನಸ್ಸು ಅಂತ ಇವಳು ಆ ಮನೆಯವರಿಂದಲೇ ಕೇಳಿಕೊಂಡು ಬಂದಿದ್ದಾಳೆ. ಇವಳಿಗೂ ಮೆಷಿನ್ ಕೊಟ್ಟ ವಿಷಯ ಮಾತ್ರ ಗೊತ್ತು. ಸ್ಕೇಲಿನ ವಿಷಯ ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ. ಅವರಿಗೆ ಮಾತ್ರ ಗೊತ್ತಾಗುವುದಿಲ್ಲ, ಅವರಿಗೆ ಕನ್ನಡ ಬರಲ್ಲ. ಅದಕ್ಕೇ ಇಷ್ಟು ಧೈರ್ಯ ನನಗೆ.

ಅಯ್ಯೋ, ಜಾಸ್ತಿ ಆಯ್ತು. ಸುಮ್ನೆ ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆದು ನಿನ್ನ ನೆಗಡಿ ನೆನಪಿಸೋಣ ಅಂತ ಕೂತಿದ್ದು. ಇವತ್ತು ಭಾನುವಾರ ಬೇರೆ. ಹೊರಗೆ ಮೆಷಿನ್ ಸದ್ದು ಶುರುವಾಗಿದೆ, ಈಗ ನಮ್ಮ ಕಡೆಗೇ ತಿರುಗಿತು ಅನ್ಸುತ್ತೆ. ನಾನು ಒಳಗೆ ಫ್ಯಾನ್ ಕೆಳಗೆ ಕೂತು ಪಶ್ಚಾತ್ತಾಪ ಟೈಪ್ ಮಾಡುತ್ತಿದ್ದೇನೆ. ಒಂದು ಲೋಟ ನೀರಾದರೂ ಕೊಟ್ಟು ಬರುತ್ತೇನೆ, ಇರು.

ಛತ್ರಿ ನನ್ನ ಹತ್ತಿರ ಇಲ್ಲ. ಕೊನೇ ಸಲ ಹೇಳುತ್ತಿದ್ದೇನೆ.

ನಿನ್ನ,
ಸ್ಕೇಲ್ ಸ್ವಾಮಿ