ಒಮೆಗಾ-3 ಮೊಟ್ಟೆಗೆ ಅಗಸೆ ಬೀಜ

ಎಲ್ಲರಿಗೂ ನಮಸ್ಕಾರ. ಬೇಲೂರು, ಆಲೂರು ಕಡೆಯವರು ಒಮೆಗಾ-3 ಮೊಟ್ಟೆ, ಅಂದರೆ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಹೆಚ್ಚಿರುವ ಮೊಟ್ಟೆ, ಪಡೆಯುವುದು ಹೇಗೆ ಅಂತ ಕೇಳುತ್ತಲೇ ಇದ್ದೀರಿ. ಕೋಳಿ ಫೀಡಿಗೆ ಅಗಸೆ ಬೀಜ ಸೇರಿಸಿದರಾಯಿತು. ಎಣ್ಣೆ ತೆಗೆಯುವ ಅಗಸೆ ಮಾರಾಯ್ರೇ, ಎಲೆತೋಟದ ಅಗಸೆ ಮರದ್ದಲ್ಲ!

100 ಕೆ.ಜಿ. ಫೀಡಿಗೆ 5 ಕೆ.ಜಿ.ಯಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ. 10 ದಾಟಬೇಡಿ. ಜಾಸ್ತಿಯಾದರೆ ಮೊಟ್ಟೆಗೆ ಮೀನಿನ ವಾಸನೆ ಬರಬಹುದು, ಇಡುವುದೂ ಕಡಿಮೆಯಾಗಬಹುದು. ಪುಡಿ ಮಾಡಿಟ್ಟ ಬೀಜ ಬೇಗ ಕಮಟು ಹಿಡಿಯುತ್ತದೆ, ಬೇಕಾದಷ್ಟೇ ಪುಡಿ ಮಾಡಿ. ಜೊತೆಗೆ ವಿಟಮಿನ್ ಇ ಕೊಡಿ.

ಹಳದಿಗೆ ಒಮೆಗಾ-3 ಸರಿಯಾಗಿ ಸೇರಲು 2-3 ವಾರ ಬೇಕು. ಮೊದಲ ದಿನದ ಮೊಟ್ಟೆಗೇ ಲೇಬಲ್ ಅಂಟಿಸಬೇಡಿ. ಕೊಲೆಸ್ಟ್ರಾಲ್ ಇಲ್ಲ ಅಂತ ಸುಮ್ನೆ ಹೇಳಿ ಮಾರಲೂಬೇಡಿ, ಅದು ಇದ್ದೇ ಇರುತ್ತದೆ.

ಒಟ್ಟಿಗೆ ಅಗಸೆ ತರಿಸೋಣ ಅನ್ನುವವರು ಎಷ್ಟು ಕೆ.ಜಿ. ಬೇಕೆಂದು ಶನಿವಾರದೊಳಗೆ ಇಲ್ಲೇ ಹಾಕಿ.