ಮುಜುಗರವಾದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕಂದಾಯ ಕಚೇರಿಯಲ್ಲಿ ಮಹಿಳಾ ಸಿಬ್ಬಂದಿಯೊಬ್ಬರನ್ನು ಅಧಿಕಾರಿ ಉಡುಪು ಸರಿಯಿಲ್ಲವೆಂದು ಮನೆಗೆ ಕಳುಹಿಸಿದ್ದರಿಂದ ಎದ್ದ ರಂಪದ ಕುರಿತು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ವರದಿಯನ್ನು ಓದಿದೆ. ಕಚೇರಿಯ ಹೆಸರನ್ನು ನೀವು ಬರೆದಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಯಾವ ಕಚೇರಿ, ಯಾವ ಅಧಿಕಾರಿ ಎಂಬುದು ಪೆರ್ಲದಿಂದ ಬದಿಯಡ್ಕದವರೆಗಿನ ಎಲ್ಲ ಬಸ್ಸುಗಳಲ್ಲೂ ಚರ್ಚೆಯಾಗಿ ಮುಗಿದಿದೆ. ಆದರೆ ವರದಿಯಲ್ಲಿದ್ದ ಎರಡು ಮಾತುಗಳನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಕಚೇರಿಯ ಕೆಲಸ ಕೆಲಹೊತ್ತು ಅಸ್ತವ್ಯಸ್ತಗೊಂಡಿತು ಎಂಬುದು ಒಂದು. ಅಂಥ ಉಡುಪಿನಿಂದ ಸಾರ್ವಜನಿಕರಿಗೆ ಮುಜುಗರವಾಗುತ್ತದೆ ಎಂಬ ಅಧಿಕಾರಿಯ ಸಮಜಾಯಿಷಿ ಇನ್ನೊಂದು. ಆ ಹೊತ್ತಿನಲ್ಲಿ ಅಲ್ಲಿದ್ದ ಸಾರ್ವಜನಿಕರಲ್ಲಿ ನಾನೂ ಒಬ್ಬನಾಗಿದ್ದುದರಿಂದ, ಆ ಕೆಲಹೊತ್ತು ಎಂದರೆ ಎಷ್ಟು ಹೊತ್ತು, ಮುಜುಗರವಾದದ್ದು ಯಾರಿಗೆ ಎಂಬುದನ್ನು ಹೇಳುವ ಅರ್ಹತೆ ನನಗಿದೆ ಎಂದು ಭಾವಿಸುತ್ತೇನೆ.

ಬ್ಯಾಂಕಿನಲ್ಲಿ ಕೃಷಿ ಸಾಲದ ನವೀಕರಣಕ್ಕೆ, ಜಮೀನು ನನ್ನ ವಶದಲ್ಲಿದೆ ಎಂಬ ಸ್ವಾಧೀನ ಪ್ರಮಾಣಪತ್ರ ಬೇಕಾಗಿತ್ತು. ಸರಕಾರಿ ಸೇವೆಗಳ ಆನ್‌ಲೈನ್ ಅರ್ಜಿ ಪಡೆಯುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿ, ಮೂಲ ದಾಖಲೆಗಳನ್ನು ಖುದ್ದಾಗಿ ತೋರಿಸಬೇಕೆಂಬ ಸಂದೇಶ ಬಂದದ್ದರಿಂದ ಅಂದು ಹೊರಟಿದ್ದೆ. ಮಳೆ ತುಸು ಬಿಟ್ಟು ಬಿಸಿಲು ಕಂಡ ದಿನ ಅದು. ಅಡಿಕೆ ತೋಟ ಇರುವವರಿಗೆ ಇದರ ಬೆಲೆ ಗೊತ್ತು: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಂಥದೊಂದು ದಿನಕ್ಕಾಗಿ ಕಾಯಬೇಕು, ಮರ ಹತ್ತಿ ಮದ್ದು ಬಿಡುವವರ ಕೈಕಾಲು ಹಿಡಿಯಬೇಕು. ಅವರನ್ನು ನಾಳೆ ಬನ್ನಿ ಎಂದು ಕಳುಹಿಸಿ ನಾನು ಕಚೇರಿಗೆ ಹೋದೆ. ಮರುದಿನ ಮಳೆ ಬಂತು, ಅವರು ಬರಲಿಲ್ಲ.

ಆ ಕಚೇರಿಯಲ್ಲಿ ಕನ್ನಡ ಓದಬಲ್ಲವರು ಇದ್ದದ್ದು ಆ ಮಹಿಳೆ ಒಬ್ಬರೇ. ಮೊಣಕಾಲಿನವರೆಗೆ ಬರುವ, ತೋಳುಳ್ಳ ಕುರ್ತಾ, ಜೀನ್ಸ್ ಪ್ಯಾಂಟು ಧರಿಸಿದ್ದರು, ಶಾಲು ಇರಲಿಲ್ಲ. ಇದನ್ನೂ ನಾನು ಗಮನಿಸಿದ್ದು ಆಮೇಲೆ, ಅಧಿಕಾರಿ ಎತ್ತಿ ಹೇಳಿದ ಮೇಲೆ. ನನ್ನ ಅಜ್ಜನ ಕಾಲದ, ಮಡಿಕೆಗಳಲ್ಲಿ ಹರಿದುಹೋಗುತ್ತಿರುವ ಕನ್ನಡ ದಸ್ತಾವೇಜನ್ನು ಅವರು ಮೇಜಿನ ಮೇಲೆ ಜೋಪಾನವಾಗಿ ಬಿಡಿಸಿ, ಸರ್ವೆ ನಂಬ್ರದ ಸಾಲಿಗೆ ಬೆರಳಿಟ್ಟು ಓದುತ್ತಿದ್ದಾಗ ಒಳಗಿನಿಂದ ಕರೆ ಬಂತು. ಫ್ಯಾನಿನ ಗಾಳಿಗೆ ಹಾರಬಾರದೆಂದು ದಸ್ತಾವೇಜಿನ ಮೇಲೆ ಸೀಲಿನ ಡಬ್ಬಿಯನ್ನಿಟ್ಟು ಎದ್ದುಹೋದರು. ಅನಂತರ ಒಳಗಿನಿಂದ ಕೇಳಿಬಂದ ಮಾತುಗಳನ್ನು ನೀವು ಮುದ್ರಿಸಿದ್ದೀರಿ. ಮನೆಗೆ ಹೋಗಿ ಬಟ್ಟೆ ಬದಲಿಸಿ ಬರಬೇಕೆಂಬ ಅಪ್ಪಣೆಯಾದ ಮೇಲೆ ಆಕೆ ಮುಖ ಕೆಂಪಗಾಗಿ ಹೊರಬಂದು, ಯಾರ ಕಡೆಗೂ ನೋಡದೆ ಕೈಚೀಲ ತೆಗೆದುಕೊಂಡು ಹೋದವರು ಆ ದಿನ ಮರಳಲಿಲ್ಲ. ಮರಳಬೇಕಿತ್ತೆಂದು ನಾನು ಹೇಳುವುದೂ ಇಲ್ಲ.

ನನ್ನ ಮೂಲ ದಸ್ತಾವೇಜು ಮಾತ್ರ ಸೀಲಿನ ಡಬ್ಬಿಯ ಅಡಿಯಲ್ಲೇ ಉಳಿಯಿತು. ಅದನ್ನು ಮುಟ್ಟಿದರೆ ಆ ಸೀಟಿನವರು ಬರಲಿ ಎಂಬ ಗದರಿಕೆ. ಬಿಟ್ಟು ಊಟಕ್ಕೆ ಹೋಗಲು ಧೈರ್ಯವಿಲ್ಲ. ಪಕ್ಕದ ಸೀಟಿನ ಮಹನೀಯರು ಅದರತ್ತ ಒಮ್ಮೆ ಬಗ್ಗಿ ನೋಡಿ, ಇದರ ಮಲಯಾಳಂ ಅನುವಾದ ಮಾಡಿಸಿ ತನ್ನಿ ಎಂದು ಬಿಟ್ಟಿ ಸಲಹೆ ನೀಡಿದರು. ಸಕ್ಕರೆ ಕಾಯಿಲೆಯವನಾದ ನಾನು ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಒಬ್ಬ ಜವಾನನ ದಯೆಯಿಂದ ನನ್ನ ಕಾಗದವನ್ನು ನಾನೇ ಮರಳಿ ಪಡೆದು, ಬಸ್ಸು ತಪ್ಪಿಸಿಕೊಂಡು, ಆಟೋಕ್ಕೆ ಕೇಳಿದಷ್ಟು ಕೊಟ್ಟು ಮನೆ ಸೇರಿದೆ. ವರದಿಗಾರರ ಕೆಲಹೊತ್ತು ಎಂದರೆ ಇಷ್ಟು.

ಇನ್ನು ಮುಜುಗರದ ಮಾತು. ನಾವು ಹತ್ತಾರು ಮಂದಿ ಬೆಂಚಿನಲ್ಲಿ ಕುಳಿತಿದ್ದೆವು. ನಿಮಗೆ ಮುಜುಗರವಾಗುತ್ತಿದೆಯೇ ಎಂದು ನಮ್ಮಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ನಮ್ಮಲ್ಲಿ ಬೇಕಾದಷ್ಟಿತ್ತು: ನೀರಿಲ್ಲದ ಶೌಚಾಲಯದಿಂದ ಮುಜುಗರವಾಗುತ್ತದೆ, ಮಗನ ಪ್ರಾಯದವರಿಂದ ಏಕವಚನದಲ್ಲಿ ಕರೆಸಿಕೊಂಡಾಗ ಮುಜುಗರವಾಗುತ್ತದೆ, ಕನ್ನಡದಲ್ಲಿ ಅರ್ಜಿ ಬರೆದದ್ದಕ್ಕೆ ಮುಖ ಸಿಂಡರಿಸಿದಾಗ ಮುಜುಗರವಾಗುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಅದು ನೆನಪಿಲ್ಲದವರಿಗೆ ಒಬ್ಬ ಹೆಣ್ಣುಮಗಳ ಶಾಲು ಮಾತ್ರ ನೆನಪಿರುತ್ತದೆ. ತಮಗೆ ಹಿಡಿಸದ್ದನ್ನೆಲ್ಲ ಸಾರ್ವಜನಿಕರ ಹೆಸರಿಗೆ ಖರ್ಚು ಹಾಕುವ ಈ ಚಾಳಿಯನ್ನು ಅಧಿಕಾರಿಗಳು ದಯವಿಟ್ಟು ಬಿಡಬೇಕು.

ನಿಯಮ ಎಂಬ ಮಾತೂ ವರದಿಯಲ್ಲಿದೆ. ಯಾವ ನಿಯಮ ಎಂದು ತಿಳಿಸಿದರೆ ಉಪಕಾರವಾಗುತ್ತಿತ್ತು. ಅಧ್ಯಾಪಕಿಯರು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸಕೂಡದು, ಅನುಕೂಲವಾದ ಉಡುಪನ್ನು ಧರಿಸಬಹುದು ಎಂದು ಕೇರಳದ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಕೆಳಹಂತದ ನ್ಯಾಯಾಲಯಗಳ ಮಹಿಳಾ ನ್ಯಾಯಾಧೀಶರು ಸೀರೆಯ ಬದಲು ಸಲ್ವಾರ್ ಕಮೀಜ್ ಅಥವಾ ಷರಟು ಪ್ಯಾಂಟು ಧರಿಸಿ, ಅದರ ಮೇಲೆ ಕರಿ ಗೌನು ಹಾಕಿಕೊಳ್ಳಬಹುದು ಎಂದು ಕೇರಳ ಹೈಕೋರ್ಟು 2023ರ ಅಕ್ಟೋಬರಿನಲ್ಲಿ ಅನುಮತಿಸಿತು. ಪ್ಯಾಂಟು ತೊಟ್ಟು ಜೀವಾವಧಿ ಶಿಕ್ಷೆ ವಿಧಿಸಬಹುದಾದರೆ, ಅದನ್ನೇ ತೊಟ್ಟು ನನ್ನ ಒಂದೆಕರೆ ಅಡಿಕೆ ತೋಟದ ಸ್ವಾಧೀನ ಪ್ರಮಾಣಪತ್ರ ಬರೆಯಲು ಆಗುವುದಿಲ್ಲವೇ? ತಮಿಳುನಾಡು ಸಚಿವಾಲಯದ ಸಿಬ್ಬಂದಿಗೆ 2019ರಲ್ಲಿ ಹೊರಡಿಸಿದ ಆದೇಶ, ಮಹಾರಾಷ್ಟ್ರ ಸರಕಾರ ತನ್ನ ನೌಕರರಿಗೆ ಜೀನ್ಸ್, ಟೀ ಷರಟು ಬೇಡವೆಂದು 2020ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶ ಇವೆಲ್ಲ ಇದ್ದವು ಎಂದು ಯಾರಾದರೂ ವಾದಿಸಬಹುದು. ಇರಬಹುದು. ಅವು ಬರೆದು ಹೊರಡಿಸಿದ ಆದೇಶಗಳು. ನೌಕರರು ಓದಬಹುದು, ವಿರೋಧಿಸಬಹುದು. ನಮ್ಮ ಕಚೇರಿಯ ನಿಯಮವೋ ಅಧಿಕಾರಿಯ ಹುಬ್ಬಿನಲ್ಲಿದೆ, ಅದು ಗಂಟಿಕ್ಕಿದ ದಿನ ಜಾರಿಗೆ ಬರುತ್ತದೆ.

ಉಡುಪು ಎಂಬುದು ಎಂದೂ ಒಂದೇ ರೀತಿ ಇದ್ದದ್ದಲ್ಲ. ಈ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಮಾಸ್ತರರು ಕಚ್ಚೆ, ಕೋಟು, ಟೊಪ್ಪಿಯಲ್ಲಿ ಬರುತ್ತಿದ್ದರಂತೆ. ನನಗೆ ಪಾಠ ಹೇಳಿದವರು ಬಿಳಿ ಮುಂಡು (ಪಂಚೆ), ಅರೆತೋಳಿನ ಅಂಗಿಯವರು. ಪ್ಯಾಂಟು ಹಾಕಿದ ಮೊದಲ ಮಾಸ್ತರರನ್ನು ಊರಿನ ಹಿರಿಯರು ತಿಂಗಳುಗಟ್ಟಲೆ ಆಡಿಕೊಂಡರು. ಇಂದು ಪ್ಯಾಂಟು ಹಾಕದ ಮಾಸ್ತರರೇ ಅಪರೂಪ. ಗಂಡಸರ ಈ ಬದಲಾವಣೆಗಳಿಂದ ಯಾವ ಕಚೇರಿಯ ಮರ್ಯಾದೆಯೂ ಹೋಗಲಿಲ್ಲ, ಯಾರನ್ನೂ ಮನೆಗೆ ಕಳುಹಿಸಲಿಲ್ಲ. ಸ್ಕೂಟರಿನಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಆಟಿ ತಿಂಗಳ ಮಳೆಯಲ್ಲಿ ಕಚೇರಿಗೆ ಬರುವ ಹೆಂಗಸರು ನೆರಿಗೆ ಒದ್ದೆಯಾಗದ ಒಂದು ಉಡುಪನ್ನು ಆರಿಸಿಕೊಂಡರೆ ಮಾತ್ರ ಸಂಸ್ಕೃತಿ ಹಾಳಾಗುತ್ತದೆ.

ಇದೇ ಕಚೇರಿಯಲ್ಲಿ ಹಿಂದೆ ಇನ್ನೊಬ್ಬ ಅಧಿಕಾರಿ ಇದ್ದರು. ತೋಟದಿಂದ ನೇರವಾಗಿ, ಹೆಗಲಿಗೆ ಬೈರಾಸು (ವಸ್ತ್ರ), ಕಂಕುಳಲ್ಲಿ ಹಾಳೆಯ ಟೊಪ್ಪಿ ಮುಟ್ಟಾಳೆ ಇಟ್ಟುಕೊಂಡು ಬಂದಿದ್ದ ನನ್ನ ನೆರೆಕರೆಯ ಹಿರಿಯರನ್ನು ಅವರು ಮೇಲಕ್ಕೆ ಮಡಚಿ ಕಟ್ಟಿದ್ದ ಮುಂಡನ್ನು ಇಳಿಸಿ ಮಾತನಾಡಲು ಹೇಳಿ ಎಲ್ಲರೆದುರು ಅವಮಾನಿಸಿದ್ದರು. ಆ ಹಿರಿಯರ ಗಡಿ ಅಳತೆಯ ಅರ್ಜಿ ಆಮೇಲೂ ಎಷ್ಟೋ ಕಾಲ ಅಲ್ಲೇ ಕೊಳೆಯಿತು. ಮುಂಡು ಇಳಿಸಿದ್ದರಿಂದ ಕಡತವೇನೂ ಮೇಲೇರಲಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಇಲ್ಲಿಗೆ ವರ್ಗವಾಗಿ ಬಂದು, ಕಾಸರಗೋಡೆಂದರೆ ಶಿಕ್ಷೆ ಎಂದೇ ತಿಳಿದು, ಶುಕ್ರವಾರ ಮಧ್ಯಾಹ್ನವೇ ರೈಲು ಹಿಡಿಯಲು ಹೊರಡುವ ಮಹನೀಯರ ಉಡುಪು ಯೋಗ್ಯವೇ ಅಯೋಗ್ಯವೇ ಎಂದು ಪರಿಶೀಲಿಸುವ ಭಾಗ್ಯವಂತೂ ನಮಗೆ ಸಿಗುವುದೇ ಇಲ್ಲ. ಕುರ್ಚಿಯಲ್ಲಿ ವ್ಯಕ್ತಿ ಇದ್ದರಲ್ಲವೇ ಬಟ್ಟೆ ಕಾಣುವುದು?

ಸೀರೆಯ ಮೇಲೆ ಇಷ್ಟು ಅಭಿಮಾನವಿದ್ದರೆ ಅದಕ್ಕೂ ದಾರಿ ಇದೆ. ಈ ಊರಿನದೇ ಎಂಬ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಾಸರಗೋಡು ಸೀರೆಯನ್ನು ವಿದ್ಯಾನಗರದ ನೇಕಾರರ ಸಹಕಾರಿ ಸಂಘದಲ್ಲಿ ಈಗಲೂ ನೇಯುತ್ತಾರೆ, ಮಗ್ಗದಲ್ಲಿ ಕೂರುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅಧಿಕಾರಿಗಳು ತಮ್ಮ ಮನೆಯವರಿಗೆ ಅಲ್ಲಿಂದ ಎರಡೆರಡು ಸೀರೆ ಕೊಂಡರೆ ನೇಕಾರರಾದರೂ ಬದುಕಿಕೊಳ್ಳುತ್ತಾರೆ. ವಾರದಲ್ಲೊಂದು ದಿನ ಸಿಬ್ಬಂದಿ ಖಾದಿ ಅಥವಾ ಕೈಮಗ್ಗದ ಬಟ್ಟೆ ಧರಿಸಬೇಕೆಂಬ ಸರಕಾರದ ಸೂಚನೆಯನ್ನು, ಅಂದು ಅಷ್ಟು ಗಟ್ಟಿಯಾಗಿ ಮಾತನಾಡಿದವರು ಎಂದಾದರೂ ಪಾಲಿಸಿದ್ದನ್ನು ನಾನು ಕಂಡಿಲ್ಲ.

ಆದುದರಿಂದ ಸಂಬಂಧಪಟ್ಟವರು ಈ ಬಗ್ಗೆ ಕೂಡಲೇ ತನಿಖೆ ನಡೆಸಿ ತಕ್ಕ ಕ್ರಮ ಕೈಗೊಳ್ಳಬೇಕು. ಆ ಮಹಿಳೆಯ ಕ್ಷಮೆ ಕೇಳಬೇಕು. ಕನ್ನಡ ಬಲ್ಲ ಸಿಬ್ಬಂದಿಯನ್ನು ಹೆಚ್ಚಿಸಬೇಕು, ಅದು ಆಗದಿದ್ದರೆ ಇರುವ ಒಬ್ಬರನ್ನಾದರೂ ಸೀಟಿನಲ್ಲಿ ಕೂರಲು ಬಿಡಬೇಕು. ಉಡುಪಿಗೆ ನಿಯಮ ಬೇಕೇ ಬೇಕೆಂದಿದ್ದರೆ ಗಂಡಸರಿಗೂ ಸೇರಿಸಿ ಮಾಡಲಿ, ಅಧಿಕಾರಿಯಿಂದಲೇ ಆರಂಭಿಸಲಿ, ಮಲಯಾಳಂ ಜತೆ ಕನ್ನಡದಲ್ಲೂ ಬರೆದು ಗೋಡೆಗೆ ಅಂಟಿಸಲಿ. ಬೇಡವೆಂದಿದ್ದರೆ ಬಾಯಿ ಮುಚ್ಚಿಕೊಂಡು ಕಡತ ನೋಡಲಿ. ಸಂಬಳ ಕೊಡುವುದು ಅದಕ್ಕೆ.

ಇತಿ,
ಓರ್ವ ಅಡಿಕೆ ಕೃಷಿಕ,
ಪೆರ್ಲ