ಶೇಂಗಾ ಉಂಡಿಯಲ್ಲಿ ಬೆಲ್ಲ ಅರ್ಧಕ್ಕೆ, ಸಕ್ಕರೆ ಅಳ್ಳು ಬಂದ್

ಮಾನ್ಯ ಗ್ರಾಹಕರಿಗೆ ಶರಣು ಶರಣಾರ್ಥಿ.

ಮುಂದಿನ ತಿಂಗಳ ಮೊದಲ ವಾರದಿಂದ ಸಂಘದ ಕಲಬುರಗಿ ಮಳಿಗೆಯಲ್ಲಿ ಕ್ರೀಮ್ ಬಿಸ್ಕಿಟ್ ಪಾಕೀಟು, ಸಕ್ಕರೆ ಪಾಕದ ಅಳ್ಳು (ಜೋಳದ ಅರಳು) ಸಿಗುವುದಿಲ್ಲ. ಶೇಂಗಾ ಉಂಡಿ ಇರುತ್ತದೆ, ಆದರೆ ಅದರ ರುಚಿ, ಬೆಲೆ, ಬಾಳಿಕೆ ಮೂರೂ ಬದಲಾಗಲಿವೆ. ಡಬ್ಬಿ ತೆಗೆದವರು ‘ಈ ಸಲ ಉಂಡಿ ಕೆಟ್ಟಾವ’ ಅನ್ನಬಾರದೆಂದು ಮೊದಲೇ ತಿಳಿಸುತ್ತಿದ್ದೇವೆ.

ಈವರೆಗಿನ ಉಂಡಿಯಲ್ಲಿ ಶೇಂಗಾ ಅರ್ಧ, ಬೆಲ್ಲ ಅರ್ಧ. 25 ಗ್ರಾಂ ತೂಗುವ ಒಂದರಲ್ಲಿ 12 ಗ್ರಾಂಗೂ ಮಿಕ್ಕಿ ಬೆಲ್ಲ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರು ಸೇರಿಸಿದ ಸಕ್ಕರೆಯನ್ನು 50 ಗ್ರಾಂ ಒಳಗಿಡಬೇಕು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಲೆಕ್ಕ. ಎರಡು ಉಂಡಿಗೆ ಆ 25 ಮುಗಿಯಿತು. ಮಕ್ಕಳ ಪಾಲು ಇನ್ನೂ ಕಡಿಮೆ. ಬೆಲ್ಲ ಸಕ್ಕರೆಯಲ್ಲವಲ್ಲ ಎಂದು ಕೇಳುವವರಿದ್ದಾರೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ, ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದಿಂದ ಯಾವ ರಿಯಾಯಿತಿಯೂ ಇಲ್ಲ.

ಹೊಸ ಉಂಡಿಗೆ ಒಂದು ಕಿಲೋದಲ್ಲಿ ಶೇಂಗಾ 550 ಗ್ರಾಂ, ಬೆಲ್ಲ 250, ಎಳ್ಳು 100, ಪುಟಾಣಿ (ಹುರಿಗಡಲೆ) ಹಿಟ್ಟು 100. ಪಾಕ ಹಿಡಿಯುವುದಿಲ್ಲ, ಶೇಂಗಾದ ಎಣ್ಣೆಯೇ ಅಂಟು. ಮನೆಯಲ್ಲಿ ಮಾಡುವವರು ಎಡವುವುದು ಇಲ್ಲೇ. ಉರಿ ಜೋರಾದರೆ ಶೇಂಗಾ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ, ಕಾಳು ಮುರಿದಾಗ ಒಳಗೂ ತಿಳಿಗಂದು ಕಾಣುವವರೆಗೆ ಹುರಿಯಬೇಕು. ಪೂರ್ತಿ ಆರಿದ ಮೇಲೆ ಸಿಪ್ಪೆ ತೂರಿ, ಬೆಲ್ಲದ ಪುಡಿ ಸೇರಿಸಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಮುಷ್ಟಿಯಲ್ಲಿ ಅದುಮಿದರೆ ನಿಲ್ಲುವಷ್ಟು ಎಣ್ಣೆ ಬಿಟ್ಟರೆ ಸಾಕು, ಅದಕ್ಕೂ ಮುಂದೆ ಹೋದರೆ ಮುದ್ದೆಯಾಗಿ ಕೈಗೆ ಮೆತ್ತುತ್ತದೆ. ಎಳ್ಳು, ಪುಟಾಣಿ ಹಿಟ್ಟು ಕಡೆಗೆ ಕಲಸಿ ಕಟ್ಟಿ. ನೀರು, ಹಾಲು ತಾಗಿಸಲೇಬೇಡಿ, ಬೇಗ ಬೂಷ್ಟು ಹಿಡಿಯುತ್ತದೆ. ಮುದುಡಿದ, ಬಣ್ಣಗೆಟ್ಟ, ಮುಗ್ಗಲು ವಾಸನೆಯ ಬೀಜವನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಗಂಜ್ ಮಾರುಕಟ್ಟೆಯಿಂದ ಬಂದ ಬೀಜವನ್ನು ನಾವು ಕೈಯಿಂದಲೇ ಆರಿಸುತ್ತೇವೆ. ಹೊತ್ತು ತಿನ್ನುವ ಕೆಲಸ, ಬಿಡುವಂತಿಲ್ಲ.

ಹೀಗೆ ಕಟ್ಟಿದ ಉಂಡಿ ಚಳಿಗಾಲದಲ್ಲಿ ಸ್ವಲ್ಪ ಉದುರುತ್ತದೆ, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಪಾಕೀಟಿನೊಳಗೆ ಎಣ್ಣೆ ಬಿಡುತ್ತದೆ. ಎರಡೂ ಕೆಟ್ಟ ಲಕ್ಷಣವಲ್ಲ. ಕಹಿಯಾಗಿ ಹಳೆಯ ಎಣ್ಣೆ ವಾಸನೆ ಬಂದರೆ ಮಾತ್ರ ತಿನ್ನಬೇಡಿ, ನಮಗೆ ಮರಳಿಸಿ. ಪುಡಿಯಾದ ಶೇಂಗಾಕ್ಕೆ ಗಾಳಿ ಬೇಗ ತಾಗುವುದರಿಂದ 45 ದಿನದ ಬಾಳಿಕೆ 15ಕ್ಕೆ ಇಳಿದಿದೆ. ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ಸಕ್ಕರೆ ಅಳ್ಳಿನ ಜಾಗಕ್ಕೆ ಖಾರದ ಅಳ್ಳು ಬರುತ್ತದೆ. ರೊಟ್ಟಿಯ ಜೋಳ ಸರಿಯಾಗಿ ಅರಳದು, ಅದಕ್ಕೆ ಸಣ್ಣ, ಗಟ್ಟಿ ಕಾಳಿನ ಅಳ್ಳಿನ ಜೋಳವೇ ಬೇಕು. 100 ಗ್ರಾಂ ಅಳ್ಳಿಗೆ ಒಂದು ಚಮಚ ಕುಸುಬಿ ಎಣ್ಣೆ, ಕರಿಬೇವು, ಅರಿಶಿಣ, ನುಣ್ಣನೆಯ ಉಪ್ಪು, ಖಾರಪುಡಿ. ಉಪ್ಪು ದಪ್ಪಗಿದ್ದರೆ ಅಳ್ಳಿಗೆ ಹಿಡಿಯದೆ ತಳ ಸೇರುತ್ತದೆ. ಅರಳದ ಕಾಳು ಹಲ್ಲಿಗೆ ಕುತ್ತು, ಆದ್ದರಿಂದ ಎರಡು ಸಲ ಜರಡಿ ಹಿಡಿಯುತ್ತೇವೆ. ಮಳೆಗಾಲದಲ್ಲಿ ಮೆತ್ತಗಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಆಡಿಸಿ.

ಐದು ವರ್ಷದೊಳಗಿನ ಮಕ್ಕಳಿಗೆ ಅಳ್ಳು, ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ಶೇಂಗಾ ಒಗ್ಗದವರಿಗೆ ಈ ಉಂಡಿ ಬೇಡ. ಅದೇ ಬಾಣಲೆ, ಅದೇ ಕೈ, ಹಾಗಾಗಿ ಅಳ್ಳೂ ಬೇಡ.

ಬೆಲ್ಲಕ್ಕಿಂತ ಶೇಂಗಾ, ಎಳ್ಳು ತುಟ್ಟಿ. ಕಾಲು ಕಿಲೋ ಉಂಡಿ 70 ರೂಪಾಯಿಯಿಂದ 85ಕ್ಕೆ ಏರಿದೆ, ಅಳ್ಳು 100 ಗ್ರಾಂಗೆ 30. ಹಳೆಯ ಉಂಡಿ ಇನ್ನೂ ಕೆಲವು ಪಾಕೀಟು ಉಳಿದಿವೆ, ಹಳೆಯ ದರಕ್ಕೇ ಕೊಡುತ್ತೇವೆ. ಮೊದಲಿನಂತೆ ಸಿಹಿ ಇರಲಿ ಎನ್ನುವವರು ಮತ್ತು ಪಂಚಮಿ, ಕುಬಸದ (ಸೀಮಂತದ) ದೊಡ್ಡ ಆರ್ಡರಿನವರು ಮೂರು ದಿನ ಮುಂಚೆ ಹೇಳಿ, ಬೇರೆಯಾಗಿ ಕಟ್ಟಿಕೊಡುತ್ತೇವೆ.

ಇಂತಿ,
ಸಂಘದ ತಿನಿಸು ವಿಭಾಗ, ಕಲಬುರಗಿ